ಲ್ಯಾವೆನ್‌ಹ್ಯಾಮ್ ಚರ್ಚ್: ಹಳೆಯ ತುದಿ, ಹೊಸ ಗೋಪುರ

ಇಂಗ್ಲೆಂಡಿನ ಸಫಕ್ ಸೀಮೆಯ ಲ್ಯಾವೆನ್‌ಹ್ಯಾಮ್‌ನಂಥ ಚಿಕ್ಕ ಊರಿಗೆ ಅಷ್ಟು ದೊಡ್ಡ ಚರ್ಚ್ ಯಾಕೆ, ಬಲಿಪೀಠ ಇರುವ ತುದಿ ಮಾತ್ರ ಗಿಡ್ಡಕ್ಕೆ, ಬೇರೆ ಥರ ಯಾಕಿದೆ ಅಂತ ಕೇಳಿದ್ದೀರಿ. ನಿಮ್ಮ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ.

ಆ ತುದಿ 14ನೇ ಶತಮಾನದ್ದು, ಹಳೆಯದು. ಅಲ್ಲಿನ ಕಿಟಕಿಯ ಕಲ್ಲಿನ ಜಾಲರಿ ಬಳ್ಳಿಯ ಹಾಗೆ ಬಳುಕುತ್ತದೆ. ಜನ ಕೂರುವ ದೊಡ್ಡ ಭಾಗ ಮತ್ತು ಗೋಪುರ ಸುಮಾರು 1485ರಿಂದ 1525ರ ನಡುವೆ ಎದ್ದವು. ಅಲ್ಲಿ ಕಲ್ಲಿನ ಕಡ್ಡಿಗಳು ನೆಟ್ಟಗೆ ಮೇಲಕ್ಕೆ ಹೋಗುತ್ತವೆ, ಕಿಟಕಿಗಳು ಅಗಲ, ಬೆಳಕು ಜಾಸ್ತಿ. ಮಧ್ಯಯುಗದ ಯುರೋಪಿನ ಕಟ್ಟಡ ಶೈಲಿಯಾದ ಗಾಥಿಕ್ ಹೇಗೆ ಬದಲಾಯಿತು ಅಂತ ನೋಡೋಕೆ ಇಷ್ಟು ಸಾಕು, ಅಲ್ವಾ?

ದುಡ್ಡು ಬಂದದ್ದು ಉಣ್ಣೆ ಬಟ್ಟೆಯಿಂದ. ಲ್ಯಾವೆನ್‌ಹ್ಯಾಮ್‌ನ ನೀಲಿ ಬಟ್ಟೆಗೆ ಆಗ ಬಹಳ ಹೆಸರು. ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ 1523ರಲ್ಲಿ ತೀರಿಕೊಂಡಾಗ ಗೋಪುರ ಮುಗಿಸಲು 200 ಪೌಂಡ್ ಬರೆದಿಟ್ಟಿದ್ದ. ಊರಿನ ಒಡೆಯ, ಆಕ್ಸ್‌ಫರ್ಡ್‌ನ ಅರ್ಲ್ ಜಾನ್ ಡಿ ವೇರ್ ಕೂಡ ಕೈ ಜೋಡಿಸಿದ.

ಮತ್ತೆ ಹೋದರೆ ಗೋಪುರದ ಬುಡಕ್ಕೆ ಹೋಗಿ ನಿಲ್ಲಿ. ಎತ್ತರ 141 ಅಡಿ, ಆದರೆ ನೋಡಬೇಕಾದ್ದು ಕೆಳಗೇ ಇದೆ. ಒಡೆದ ಚಕಮಕಿ ಕಲ್ಲು ಗಾಜಿನ ಹಾಗೆ ಕಪ್ಪಗೆ ಮಿನುಗುತ್ತದೆ. ನಡುವೆ ಡಿ ವೇರ್ ಮನೆತನದ ನಕ್ಷತ್ರ, ಸ್ಪ್ರಿಂಗ್ ವ್ಯಾಪಾರದ ಗುರುತು ಎರಡೂ ಇವೆ. ದಕ್ಷಿಣದ ಬಾಗಿಲ ಮಂಟಪದಲ್ಲಿ ಕಾಡುಹಂದಿಗಳನ್ನೂ ಹುಡುಕಿ. ಅದು ಡಿ ವೇರ್ ಲಾಂಛನ.