ಹೆರಾಲ್ಡ್ ಘಾಟಿಯಲ್ಲಿ ವಾಲುತ್ತಿದೆ, ಸ್ಪ್ರಿಂಗ್ ಬದಲಿಸಲಾ?

ಪ್ರಶ್ನೆ: ಸರ್, ನಮ್ಮಪ್ಪ ಓಡಿಸುತ್ತಿದ್ದ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ. ಆದರೆ ಸಂಪಾಜೆ ಘಾಟಿ ಇಳಿಯುವಾಗ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮುಂಭಾಗ ಸ್ವಲ್ಪ ತಡವಾಗಿ ತಿರುಗುತ್ತದೆ. ಇಂಗ್ಲೆಂಡಿನಿಂದ ಗಟ್ಟಿಯಾದ, ಗಿಡ್ಡ ಸ್ಪ್ರಿಂಗ್ ಮತ್ತು ಅಡ್ಜಸ್ಟ್ ಮಾಡುವ ಶಾಕ್ ಅಬ್ಸಾರ್ಬರ್ ತರಿಸಬೇಕೆಂದಿದ್ದೇನೆ. ಎಲ್ಲದಕ್ಕೂ ಒಟ್ಟಿಗೆ ದುಡ್ಡು ಹಾಕಲು ಆಗುವುದಿಲ್ಲ. ಯಾವುದು ಮೊದಲು?
– ಓದುಗರು, ಮಡಿಕೇರಿ

ಉತ್ತರ: ಸ್ಪ್ರಿಂಗ್ ಆರ್ಡರ್ ಮಾಡಬೇಡಿ. ಮೊದಲು ಬಾನೆಟ್ ಎತ್ತಿ. ಹೆರಾಲ್ಡ್‌ನಲ್ಲಿ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟಯರ್ ಮೇಲೇ ಕೂತು ಸಸ್ಪೆನ್ಷನ್ ನೋಡಬಹುದು. ಇಷ್ಟು ಅನುಕೂಲ ಬೇರೆ ಯಾವ ಹಳೇ ಕಾರಿನಲ್ಲೂ ನಾನು ಕಂಡಿಲ್ಲ.

ಚಕ್ರ ಹಿಡಿದ ಉದ್ದನೆಯ ಕಬ್ಬಿಣದ ತುಂಡಿನ ಕೆಳಗೆ ಹಿತ್ತಾಳೆಯ ಒಂದು ಭಾಗವಿದೆ. ಅದೇ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಬ್ಬಿಣದ ಮರೆ (ಥ್ರೆಡ್) ಅದರೊಳಗೆ ತಿರುಗುತ್ತದೆ. ಹೆರಾಲ್ಡ್ ಸುಮಾರು 25 ಅಡಿಯಲ್ಲೇ ಪೂರ್ತಿ ಸುತ್ತು ಹೊಡೆಯುವ ಗಾಡಿ, ಹಾಗಾಗಿ ಈ ಮರೆಗೆ ಕೆಲಸ ಜಾಸ್ತಿ. ಇದಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಒಳಗೆ ಗಟ್ಟಿಯಾಗಿ ಕೂರುತ್ತದೆ, ನೀರು ಸೇರಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಒಂದು ದಿನ ಮುರಿಯುತ್ತದೆ.

ನನ್ನ ಗಾಡಿಗೇ ಹಾಗಾಯಿತು. ಒಂದು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಗ್ರೀಸ್ ತುಂಬಿದ್ದರು. ಮನೆ ಗೇಟಿನ ಮುಂದೆ ನಿಧಾನವಾಗಿ ತಿರುಗಿಸುವಾಗ ಎಡಗಡೆ ಚಕ್ರ ಮಡಚಿಕೊಂಡು ಕೆಳಗೆ ಕೂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಹತ್ತು ನಿಮಿಷ ಮೊದಲು ನಾವು ಹೆದ್ದಾರಿಯಲ್ಲಿದ್ದೆವು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಅದು ಬೇರಿಂಗ್‌ನದು. ನಿಲ್ಲದಿದ್ದರೆ ಟ್ರನಿಯನ್ ಅಥವಾ ಮೇಲಿನ ಬಾಲ್ ಜಾಯಿಂಟ್. ಟ್ರನಿಯನ್ ಕೊಳ್ಳುವಾಗ ಎಡ, ಬಲ ನೋಡಿಕೊಳ್ಳಿ. ಎರಡರ ಮರೆ ಬೇರೆ ಬೇರೆ.

ಸ್ಟೀರಿಂಗ್ ತಡವಾಗಿ ಕೇಳುತ್ತದೆ ಎಂದಿದ್ದೀರಲ್ಲ, ನನಗೆ ಅನುಮಾನ, ಸ್ಟೀರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಅಡ್ಡ ಸರಳಾದ ಸ್ಟೀರಿಂಗ್ ರ‍್ಯಾಕ್ ಹಿಡಿದಿರುವ ರಬ್ಬರ್‌ಗಳ ಮೇಲೆ. ಎಂಜಿನ್ ಆಯಿಲ್ ಬಿದ್ದು ಅವು ಮೆತ್ತಗಾಗುತ್ತವೆ. ಆಗ ಚಕ್ರ ತಿರುಗುವ ಮೊದಲು ಇಡೀ ರ‍್ಯಾಕೇ ಪಕ್ಕಕ್ಕೆ ಸರಿಯುತ್ತದೆ. ಒಬ್ಬರು ಸ್ಟೀರಿಂಗ್ ಆಡಿಸಲಿ, ನೀವು ರ‍್ಯಾಕ್ ನೋಡಿ. ಕಣ್ಣಿಗೇ ಕಾಣುತ್ತದೆ. ಕಡಿಮೆ ಖರ್ಚಿನ ಕೆಲಸ.

ಆಮೇಲೆ ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳ ಬುಷ್ (ಕೀಲಿನಲ್ಲಿ ಕೂರುವ ಮೆತ್ತನೆಯ ಉಂಗುರ). ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿದರೆ ಗಾಡಿ ಬಿಗಿಯಾಗುತ್ತದೆ ನಿಜ, ಆದರೆ ಗುಂಡಿಯ ಪೆಟ್ಟು ನೇರವಾಗಿ ಒಳಗೆ ಬರುತ್ತದೆ. ನಾನಾದರೆ ಒಳ್ಳೆಯ ರಬ್ಬರ್ ಬುಷ್ಷೇ ಹಾಕುತ್ತೇನೆ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಜೋಡಿಯಾಗಿ ಬದಲಿಸಿ. ಅದು ಸ್ಪ್ರಿಂಗ್ ಒಳಗಿದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಲೇಬೇಡಿ.

ಈಗ ವಾಲುವ ವಿಷಯ. ಇಷ್ಟೆಲ್ಲ ಸರಿಮಾಡಿದ ಮೇಲೂ ವಾಲಿದರೆ ಮುಂದೆ ದಪ್ಪನೆಯ ಆಂಟಿ-ರೋಲ್ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಹಾಕಿಸಿ. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್‌ನ ಭಾಗಗಳಿಂದ. ಅದರ ಬಾರ್ ನಿಮ್ಮ ಗಾಡಿಗೆ ಕೂರುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಹೆರಾಲ್ಡ್‌ನ ಹಿಂದಿರುವುದು ಒಳತುದಿಯ ಕೀಲಿನ ಮೇಲೆ ಚಕ್ರದ ಸಮೇತ ಮೇಲೆ-ಕೆಳಗೆ ತೂಗುವ ಸ್ವಿಂಗ್ ಆ್ಯಕ್ಸಲ್. ಜೋರಾಗಿ ತಿರುವಿಗೆ ನುಗ್ಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು, ಚಕ್ರ ಒಳಗೆ ಮಡಚಿ, ಹಿಡಿತ ತಪ್ಪುತ್ತದೆ. ಮುಂದಿನ ಬಾರ್ ಬಿಗಿಯಾದಾಗ ವಾಲುವ ಭಾರವನ್ನು ಮುಂದಿನ ಚಕ್ರಗಳೇ ಜಾಸ್ತಿ ಹೊರುತ್ತವೆ, ಹಿಂದಿನವು ಅಷ್ಟು ಬೇಗ ಜಾರುವುದಿಲ್ಲ. ಆದರೆ ಮಳೆಯಲ್ಲಿ ಮುಂಭಾಗ ನೇರಕ್ಕೆ ಎಳೆಯಬಹುದು. ಘಾಟಿಯಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಿ.

ಟಯರ್ ಬಗ್ಗೆ ನೀವು ಬರೆದಿಲ್ಲ. ಮುಂದೆ ಹೊಸ ಬಗೆಯ ರೇಡಿಯಲ್, ಹಿಂದೆ ಹಳೇ ಬಗೆಯ ಕ್ರಾಸ್-ಪ್ಲೈ ಇದ್ದರೆ ಇವತ್ತೇ ತೆಗೆಸಿ. ಹಿಂಭಾಗ ಮೊದಲು ಜಾರುವ ಜೋಡಿ ಅದು. ನಾಲ್ಕಕ್ಕೂ ಒಂದೇ ಬಗೆ ಇರಲಿ.

ಗಿಡ್ಡ ಸ್ಪ್ರಿಂಗ್ ನನಗೆ ಇಷ್ಟವಿಲ್ಲ. ನಮ್ಮ ಹಂಪ್‌ಗಳಿಗೆ ಗಾಡಿಯ ಹೊಟ್ಟೆ ತಾಗುತ್ತದೆ. ಹಳೇ ಸ್ಪ್ರಿಂಗ್ ಒಂದು ಕಡೆ ಕುಸಿದಿದ್ದರೆ ಮಾತ್ರ, ಮೊದಲಿನ ಎತ್ತರದ್ದೇ ಹೊಸ ಜೋಡಿ ಹಾಕಿ.

ಕೊನೆಗೆ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ. ಕೆಳಗಿನ ಆರ್ಮ್‌ನ ಬ್ರಾಕೆಟ್ ಮತ್ತು ಚಾಸಿಯ ನಡುವೆ ತೆಳುವಾದ ಲೋಹದ ತಗಡು, ಅಂದರೆ ಶಿಮ್‌ಗಳಿರುತ್ತವೆ. ಚಕ್ರದ ಓರೆ ನಿಲ್ಲುವುದು ಅವುಗಳಿಂದಲೇ. ಬಿಚ್ಚುವಾಗ ಯಾವ ಬೋಲ್ಟಿಗೆ ಎಷ್ಟಿತ್ತೆಂದು ಬರೆದಿಟ್ಟುಕೊಳ್ಳಲಿ. ಬಾರ್ ಹಾಕಿಸುವ ಮೊದಲು ಸಂಪಾಜೆ ಒಮ್ಮೆ ಇಳಿದು ನೋಡಿ, ಹೇಗಿತ್ತೆಂದು ನನಗೆ ಬರೆಯಿರಿ.