ಚೌಕಗಳು ರಾಶಿ ಬಿದ್ದಿವೆ, ಕೌದಿ ಮಾತ್ರ ಆಗುತ್ತಿಲ್ಲ

ಸೂಜಿ ದಾರ: ಓದುಗರ ಪ್ರಶ್ನೆ, ಧಾರವಾಡದಿಂದ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ತವರು ಹುಬ್ಬಳ್ಳಿ, ಈಗಿರುವುದು ಬೆಂಗಳೂರು. ರವಿಕೆ ಹೊಲಿದು ಉಳಿದ ಬಟ್ಟೆ, ಮಕ್ಕಳ ಹಳೆಯ ಫ್ರಾಕು, ಅತ್ತೆಯವರ ಸವೆದ ಸೀರೆ ಎಲ್ಲವನ್ನೂ ಕತ್ತರಿಸಿ, ಚೂರುಗಳನ್ನು ಕೂಡಿಸಿ ಚೌಕ ಮಾಡುವುದು ರೂಢಿಯಾಗಿಬಿಟ್ಟಿದೆ. ಟ್ರಂಕಿನಲ್ಲಿ 80ರ ಹತ್ತಿರ ಚೌಕಗಳಿವೆ. ಕೆಲವು 5 ಇಂಚು, ಕೆಲವು 6. ಒಂದರ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಸ ಚೌಕ ಎಂದರೆ ಕೈ ಓಡುತ್ತದೆ, ಇದ್ದುದನ್ನು ಕೌದಿ ಮಾಡೋಣವೆಂದರೆ ಮನಸ್ಸು ಏಳುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಂಗೀ, ಮೊದಲು ಕತ್ತರಿಯನ್ನು ಮನೆಯವರ ಕೈಗೆ ಕೊಟ್ಟು ಬಚ್ಚಿಡಲು ಹೇಳಿ. 80 ಚೌಕ ಎಂದರೆ ಒಂಟಿ ಮಂಚದ ಕೌದಿಗೆ ಬೇಕಾದುದೆಲ್ಲ ಬಂದಂತೆ. ಇನ್ನು ಒಂದು ಚೌಕ ಹೆಚ್ಚಾದರೂ ಅದು ಟ್ರಂಕಿಗೆ ಭಾರ.

ಮನಸ್ಸು ಏಳದಿರುವುದನ್ನು ನೀವು ಸೋಮಾರಿತನ ಎಂದುಕೊಂಡಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ನೀವು ಮೇಲಿನ ಪದರದಿಂದ ಶುರು ಮಾಡಿದ್ದೀರಿ, ಕೆಳಗೆ ಏನು ಹಾಸುವುದೆಂದು ಇನ್ನೂ ಗೊತ್ತಾಗಿಲ್ಲ. ನಮ್ಮ ಕಡೆಯ ಹೆಂಗಸರು ಮೊದಲು ಹಳೆಯ ಸೀರೆ ಹಾಸುತ್ತಾರೆ, ಅದರ ಮೇಲೆ ಧೋತರವೋ ಇನ್ನೊಂದು ಸೀರೆಯೋ ಬೀಳುತ್ತದೆ, ಚೂರು ಹುಡುಕುವುದು ಆಮೇಲಿನ ಮಾತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಂತೂ ಚೂರು ಕೂಡಿಸುವುದು ಬೇರೆ, ಹೊಲಿಯುವುದು ಬೇರೆ ಎಂಬ ಎರಡು ಕೆಲಸವೇ ಇಲ್ಲ. ಒಂದು ಮೂಲೆಯಲ್ಲಿ ಕೂತು, ಚೂರಿನ ಅಂಚನ್ನು ಒಳಕ್ಕೆ ಮಡಚಿ, ನೇರವಾಗಿ ಅಸ್ತರಿಗೇ ಹೊಲಿಯುತ್ತ ಸುತ್ತು ಬರುತ್ತಾರೆ. ಸುತ್ತು ಕಿರಿದಾಗುತ್ತ ನಡುವಿಗೆ ಬಂತೆಂದರೆ ಹೊದಿಕೆಯೂ ಮುಗಿಯಿತು. ಮೂಲೆಗಳಿಗೆ ಮಡಿಕೆ ಮಡಿಕೆಯಾಗಿ ಬಟ್ಟೆಯ ‘ಫೂಲ’ (ಹೂವು) ಕೂರಿಸಿದರೆ ಶೃಂಗಾರವೂ ಆಯಿತು. ಅವರ ಮನೆಯಲ್ಲಿ ಚೌಕಗಳ ರಾಶಿ ಬೀಳುವುದೇ ಇಲ್ಲ.

ಹಾಗಾಗಿ ಈ ವಾರ ಚೌಕಗಳನ್ನು ಮುಟ್ಟದೆ ಅಸ್ತರು ಸಿದ್ಧ ಮಾಡಿ. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿ, ಉದ್ದಂಚುಗಳನ್ನು ಕೂಡಿಸಿ ಹೊಲಿದರೆ ಸುಮಾರು 90 ಇಂಚು ಅಗಲ, 108 ಇಂಚು ಉದ್ದದ ಬಟ್ಟೆ ಸಿಗುತ್ತದೆ. ಪಾಲಿಸ್ಟರ್ ಬೇಡ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ.

ಇನ್ನು ನಿಮ್ಮ 5, 6 ಇಂಚಿನ ಜಗಳ. ಪ್ರತಿ ಚೌಕದ ನಾಲ್ಕೂ ಬದಿಗೆ ಎರಡೂವರೆ ಇಂಚು ಅಗಲದ ಪಟ್ಟಿ ಹೊಲಿಯಿರಿ, ಹೊಲಿಗೆಗೆ ಎಲ್ಲ ಕಡೆ ಕಾಲು ಇಂಚು ಬಿಡಿ. 5ರದು 9 ಆಗುತ್ತದೆ, 6ರದು 10. ಆಗ ಬಚ್ಚಿಟ್ಟ ಕತ್ತರಿಯನ್ನು ಕೇಳಿ ಪಡೆದು ಎಲ್ಲವನ್ನೂ ಎಂಟೂವರೆ ಇಂಚಿಗೆ ಸಮ ಮಾಡಿ. ಅಡ್ಡಕ್ಕೆ 7, ಉದ್ದಕ್ಕೆ 11 ಎಂದು ಕೂಡಿಸಿದರೆ 77 ಚೌಕಗಳಿಗೆ 56 ಇಂಚು ಅಗಲ, 88 ಇಂಚು ಉದ್ದ ಬರುತ್ತದೆ. ಮಿಕ್ಕ ಮೂರ್ನಾಲ್ಕು ದಿಂಬಿಗಾಗಲಿ.

ಪಟ್ಟಿಗಳೆಲ್ಲ ಒಂದೇ ಬಣ್ಣದವಿರಲಿ, ಗಾಢ ಬಣ್ಣದವಿರಲಿ. ಮನೆಯಲ್ಲಿ ಯಾರದಾದರೂ ಸವೆದ ಕಪ್ಪು ಚಂದ್ರಕಾಳಿ ಸೀರೆ ಇದ್ದರೆ ಬೇಡಿಯಾದರೂ ತನ್ನಿ. ಕಪ್ಪಿನ ಪಕ್ಕದಲ್ಲಿ ಗಿಣಿಹಸಿರೂ ಗುಲಾಬಿಯೂ ತೆಪ್ಪಗಿರುತ್ತವೆ, ಒಂದೇ ಸೀರೆಯಲ್ಲಿ ಅಷ್ಟೂ ಪಟ್ಟಿ ಏಳುತ್ತದೆ. ಆದರೆ ಕತ್ತರಿಸುವ ಮೊದಲು ಒಗೆಯಿರಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಸೀರೆಯ ಮೇಲೂ ನಿಮ್ಮ ಕೆಂಪು ಚೌಕಗಳ ಮೇಲೂ ಒತ್ತಿ ನೋಡಿ. ಬಣ್ಣ ಹತ್ತಿತೋ, ಮಮಕಾರ ಬಿಟ್ಟು ಪಕ್ಕಕ್ಕಿಡಿ.

ಇಷ್ಟನ್ನು ಮಷಿನ್‌ನಲ್ಲೇ ಹೊಲಿಯಿರಿ, ನನ್ನದೇನೂ ತಕರಾರಿಲ್ಲ. ಸಾಲು ಸಾಲು ಕೂಡಿಸುವಾಗ ಒಂದು ಸಾಲಿನ ಹೊಲಿಗೆಯಂಚನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಇಸ್ತ್ರಿ ಮಾಡಿ ಮಲಗಿಸಿದರೆ ಕೂಡುವ ಕಡೆ ಗಂಟು ಕಟ್ಟುವುದಿಲ್ಲ. ಆಮೇಲೆ ಹಾಲ್‌ನಲ್ಲಿ ಕುರ್ಚಿ ಸರಿಸಿ, ಅಸ್ತರನ್ನು ಒಳಮೈ ಮೇಲಾಗಿ ಹಾಸಿ. ನಡುವೆ ಒಂದೋ ಎರಡೋ ಹಳೆಯ ಧೋತರ, ಮೇಲೆ ಚೌಕಗಳ ಹಾಸು. ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಬಿಟ್ಟರೆ ಪದರಗಳು ಜಾರುವುದಿಲ್ಲ, ಮಡಚಿಟ್ಟು ನಾಳೆ ಕೂರಬಹುದು.

ಮುಂದಿನದು ಮಾತ್ರ ಕೈಹೊಲಿಗೆಯೇ ಆಗಬೇಕು. ಮಷಿನ್ ಹೊಲಿಗೆಯಲ್ಲಿ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ದಪ್ಪ ಹತ್ತಿ ದಾರ, ಬೆರಳಗಲಕ್ಕೊಂದು ಸಾಲು. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಏರಿಸಿಕೊಂಡು ಒಮ್ಮೆಗೇ ಎಳೆಯಿರಿ, ಎಳೆದ ಮೇಲೆ ಆ ಸಾಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ. ಸವರದಿದ್ದರೆ ದಾರ ಬಿಗಿದು ನೆರಿಗೆ ಬೀಳುತ್ತದೆ, ಕೊನೆಗೆ 88 ಇಂಚು 84 ಆಗಿರುತ್ತದೆ! ಸಾಲು ಡೊಂಕಾದರೆ ಆಗಲಿ, ಬಿಚ್ಚುತ್ತ ಕೂರಬೇಡಿ. ಎಲ್ಲ ಮುಗಿದ ಮೇಲೆ ಅಸ್ತರನ್ನು ಸುತ್ತಲೂ ಎರಡು ಇಂಚು ಹೆಚ್ಚಿಗೆ ಉಳಿಸಿ ಕತ್ತರಿಸಿ, ಮೇಲಕ್ಕೆ ಎರಡು ಸಲ ಮಡಚಿ ಹೊಲಿದರೆ ಅಂಚು ಸಿದ್ಧ.

ಪ್ರಶ್ನೆ: ಜರಿಯಿರುವ ರೇಷ್ಮೆ ರವಿಕೆಯ ತುಂಡುಗಳನ್ನು ಕೌದಿಗೆ ಹಾಕಬಹುದೇ? (ದಾವಣಗೆರೆ)

ಉತ್ತರ: ಹೊದೆಯುವ ಕೌದಿಗೆ ಬೇಡ. ಜರಿ ಚುಚ್ಚುತ್ತದೆ, ಹಳೆಯ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಹತ್ತಿಯ ಜೊತೆ ಒಗೆದರೆ ಎರಡೂ ಹಾಳು. ಗೋಡೆಗೆ ತೂಗುಹಾಕುವುದಾದರೆ ಧಾರಾಳವಾಗಿ ಹಾಕಿ. ಗುಳೇದಗುಡ್ಡದ ಖಣದ ರವಿಕೆ ತುಂಡುಗಳಿಗೂ ಅದೇ ಜಾಗ ಒಪ್ಪುತ್ತದೆ. ತೊಟ್ಟಿಲ ಕೌದಿಗಂತೂ ಜರಿಯ ಒಂದೆಳೆಯೂ ಬೇಡ, ಮಗುವಿನ ಮೈಗೆ ತೊಳೆದು ತೊಳೆದು ಮೆತ್ತಗಾದ ಹತ್ತಿಯೇ ಸರಿ.

ಪ್ರಶ್ನೆ: ಅಜ್ಜಿ ಹೊಲಿದ ಕೌದಿ ಅಲ್ಲಲ್ಲಿ ಹರಿದಿದೆ. ಎಸೆಯಲು ಮನಸ್ಸಿಲ್ಲ, ಹೊದೆಯಲು ಆಗುತ್ತಿಲ್ಲ. (ಗದಗ)

ಉತ್ತರ: ಅದನ್ನೇ ಹೊಸ ಕೌದಿಯ ಹೊಟ್ಟೆಗೆ ಹಾಕಿ. ಹಳೆಯ ಕೌದಿಯ ಎರಡೂ ಮೈಗೆ ಸೀರೆ ಹೊದಿಸಿ ಮತ್ತೆ ಹೊಲಿಯುವುದು ನಮ್ಮ ಕಡೆ ಹೊಸದೇನಲ್ಲ. ಅಜ್ಜಿಯ ಹೊಲಿಗೆ ಕಣ್ಣಿಗೆ ಕಾಣಬೇಕೆಂದಿದ್ದರೆ ಗಟ್ಟಿಯಾಗಿ ಉಳಿದಿರುವ ಒಂದು ಮೂಲೆಯ ಮೇಲೆ ಸೀರೆ ಹೊದಿಸದೆ ಬಿಡಿ. ಹೊಲಿಯುವ ಮೊದಲೇ ಒಗೆದು ಒಣಗಿಸಿಕೊಳ್ಳಿ. ಹೊದಿಸಿದ ಮೇಲೆ ತೂಕ ಹೆಚ್ಚುತ್ತದೆ, ನೆನೆದರೆ ಹಿಂಡಲು ಇಬ್ಬರು ಬೇಕು. ಮಹಾನವಮಿಗೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವ ದಿನ ಇದನ್ನೂ ಮುಗಿಸಿಬಿಡಿ, ಹಿಂಡಲು ನೆರವಿಗೆ ಮಕ್ಕಳು ಹೇಗೂ ರಜೆಯಲ್ಲಿರುತ್ತಾರೆ.