'ವಂಶವೃಕ್ಷ' ಕಾದಂಬರಿಯ ಕಾತ್ಯಾಯನಿ ಮಗನನ್ನು ಬಿಟ್ಟು ಹೋದದ್ದೇಕೆ?

ಮರುಮದುವೆಯಾದ ಕಾತ್ಯಾಯನಿ ಮಗನನ್ನು ಅಜ್ಜನ ಮನೆಯಲ್ಲೇ ಬಿಟ್ಟದ್ದು ಸ್ವಾರ್ಥವಲ್ಲವೇ ಎಂದು ಕೇಳಿದ್ದೀರಿ. ನನಗೆಂದೂ ಹಾಗನ್ನಿಸಿಲ್ಲ. ಗಂಡ ಕಪಿಲಾ ನದಿಯ ಪಾಲಾದ ಮೇಲೆ ಅವಳು ಕಾಲೇಜಿಗೆ ಹೋದಳು, ರಾಜ ಎಂಬವನನ್ನು ಪ್ರೀತಿಸಿದಳು. ಮಗುವನ್ನು ಕೇಳಲು ಬಂದಾಗ ಮಾವ ಶ್ರೋತ್ರಿಯರು ಗದರಲಿಲ್ಲ. ತೀರ್ಮಾನವನ್ನು ಅವಳಿಗೇ ಬಿಟ್ಟರು. ಅವಳನ್ನು ಕಟ್ಟಿಹಾಕಿದ್ದು ಆ ದೊಡ್ಡತನವೇ.

ಭೈರಪ್ಪನವರ 1965ರ ಈ ಕಾದಂಬರಿ ನಂಜನಗೂಡಿನದು, ಆದರೆ ಶಿರಸಿ ಸೀಮೆಯ ನಮ್ಮ ಮನೆಗೂ ಹೊರಗಿನದಲ್ಲ. ಚಿಕ್ಕಪ್ರಾಯದಲ್ಲೇ ಗಂಡನನ್ನು ಕಳಕೊಂಡಿದ್ದ ಅಮ್ಮಮ್ಮ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿದ್ದಳು. ನಾನು ಈ ಭಾಗ ಓದುವಾಗ ಅವಳ ಕೈ ನಿಂತಿತು. 'ಅವ್ಳಿಗೆ ಕೇಳಲೆ ಬಾಯಾದ್ರೂ ಇತ್ತು ಕೂಸೆ' ಅಂದಳು.

ಕೊನೆಯ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಜೀವನವಿಡೀ ವಂಶಧರ್ಮ ಕಾಯ್ದ ಶ್ರೋತ್ರಿಯರಿಗೆ, ತಾವು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುವುದು ಅಲ್ಲಿಯೇ.